ನೀರಿನ ಮೀಟರಿನ ಮುಳ್ಳಿನ ಸುತ್ತೆಣಿಕೆ: ಸಂವೇದಕದ ಆಯ್ಕೆ

ಮನೆಬಳಕೆಯ ಹಲವು ನೀರಿನ ಮೀಟರುಗಳಲ್ಲಿ ಅಂಕಿಗಳ ಸಾಲಿನ ಕೆಳಗೆ ಪುಟ್ಟ ಕೆಂಪು ಮುಳ್ಳುಗಳಿರುತ್ತವೆ. ಘನಮೀಟರ್ ಲೆಕ್ಕದಲ್ಲಿ ×0.0001 ಎಂದು ಗುರುತಿಸಿದ ಮುಳ್ಳು ಒಂದು ಸುತ್ತು ಬಂದರೆ ಒಂದು ಲೀಟರ್ ನೀರು ಹರಿದಿದೆ ಎಂದರ್ಥ. ಮೀಟರಿನ ಮುದ್ರೆ ಒಡೆಯದೆ, ಬ್ಯಾಟರಿಯ ಬಲದಲ್ಲೇ ಈ ಸುತ್ತುಗಳನ್ನು ಎಣಿಸಲು ಯಾವ ಸಂವೇದಕ ತಕ್ಕುದು ಎಂಬುದು ಈ ಲೇಖನದ ವಿಚಾರ.

ವೇಗ ಇಲ್ಲಿ ದೊಡ್ಡ ತೊಡಕಲ್ಲ. ಐಎಸ್‌ಒ 4064 ಮಾನಕದಂತೆ, ಗಂಟೆಗೆ 2.5 ಘನಮೀಟರ್ ಹರಿವಿಗೆ ನಿಗದಿಯಾದ ಮೀಟರು ಅಲ್ಪಕಾಲ ತಾಳಬೇಕಾದ ಗರಿಷ್ಠ ಹರಿವು ಅದರ 1.25 ಪಟ್ಟು, ಅಂದರೆ 3125 ಲೀಟರ್. ಆಗಲೂ ಮುಳ್ಳು ಸೆಕೆಂಡಿಗೆ ಸುಮಾರು 0.87 ಸುತ್ತು ಮಾತ್ರ ತಿರುಗುತ್ತದೆ. ನಿಜವಾದ ತೊಡಕು ಮುಳ್ಳು ನಿಂತಾಗಿನದು. ಸಂವೇದಕದ ಅಂಚಿನಲ್ಲಿ ನಿಂತ ಮುಳ್ಳು ಒತ್ತಡದ ಏರಿಳಿತಕ್ಕೆ ಹಿಂದೆಮುಂದೆ ಅಲುಗಿದರೆ, ಹರಿಯದ ನೀರೂ ಲೆಕ್ಕಕ್ಕೆ ಸೇರುತ್ತದೆ.

ರೀಡ್ ಸ್ವಿಚ್ಚಿಗೂ ಹಾಲ್ ಸಂವೇದಕಕ್ಕೂ ಮುಳ್ಳಿನ ಮೇಲೆ ಅಯಸ್ಕಾಂತ ಬೇಕು. ಬಳಕೆಯಲ್ಲಿರುವ ಮೀಟರಿಗೆ ಅದನ್ನು ಕೂರಿಸಲು ಮುದ್ರೆ ಒಡೆಯಲೇಬೇಕು. ಹಗುರ ಮುಳ್ಳಿಗೆ ಅದರ ಭಾರವೂ ಹೊರೆ. ಹೊರಗಿನಿಂದ ಬಲವಾದ ಅಯಸ್ಕಾಂತ ಹಿಡಿದು ಎಣಿಕೆ ಕೆಡಿಸುವುದೂ ಸುಲಭ. ಮುಳ್ಳಿಗೆ ಲೋಹದ ಅರೆಬಿಲ್ಲೆ ಹೊಂದಿಸಿ ಸುರುಳಿಯಿಂದ ಗುರುತಿಸುವ ಪ್ರೇರಣ ವಿಧಾನಕ್ಕೆ ಬೆಳಕಿನ ಗೊಡವೆಯಿಲ್ಲ, ಗಾಜಿನ ಮೇಲಿನ ಕೊಳೆಯೂ ಅಡ್ಡಿಯಲ್ಲ. ಆದರೆ ಬಿಲ್ಲೆಯನ್ನು ಕಾರ್ಖಾನೆಯಲ್ಲೇ ಕೂರಿಸಬೇಕು.

ಉಳಿಯುವುದು ಗಾಜಿನ ಹೊರಗಿನಿಂದಲೇ ನೋಡುವ ಪ್ರತಿಫಲನ ವಿಧಾನ. ಸುಲಭವಾಗಿ ಸಿಗುವ ಅವಕೆಂಪು ಸಂವೇದಕಗಳು ಇಲ್ಲಿ ಸೋಲುವುದುಂಟು: ಹಲವು ಕೆಂಪು ವರ್ಣಕಗಳು ಅವಕೆಂಪು ಕಿರಣವನ್ನು ಹೆಚ್ಚುಕಡಿಮೆ ಬಿಳಿ ಡಯಲಿನಷ್ಟೇ ಪ್ರತಿಫಲಿಸುತ್ತವೆ. ಹಸಿರು ಬೆಳಕನ್ನು ಕೆಂಪು ಮುಳ್ಳು ಹೀರಿಕೊಳ್ಳುವುದರಿಂದ ಬಿಳಿ ಹಿನ್ನೆಲೆಯಲ್ಲಿ ಅದು ಕಪ್ಪಾಗಿ ಎದ್ದು ಕಾಣುತ್ತದೆ. ಎಲ್‌ಇಡಿ ಉರಿದಾಗಿನ ಮತ್ತು ಆರಿದಾಗಿನ ಅಳತೆಗಳ ವ್ಯತ್ಯಾಸವನ್ನಷ್ಟೇ ಪರಿಗಣಿಸಿದರೆ ಹೊರಬೆಳಕಿನ ಪ್ರಭಾವ ಬಹುಪಾಲು ಕಳೆಯುತ್ತದೆ.

ಇಂಥ ಮೂರು ಸಂವೇದಕಗಳನ್ನು 120 ಡಿಗ್ರಿ ಅಂತರದಲ್ಲಿಟ್ಟರೆ ತಿರುಗುವ ದಿಕ್ಕೂ ತಿಳಿಯುತ್ತದೆ. ಮೂರನ್ನೂ ಸರದಿಯಂತೆ ದಾಟಿದರಷ್ಟೇ ಒಂದು ಸುತ್ತು. ಅಂಚಿನ ಅಲುಗಾಟ ಎಣಿಕೆಗೆ ಬಾರದು. ಮುಳ್ಳಿನ ಅಗಲ 20 ಡಿಗ್ರಿಯೆಂದು ಹಿಡಿದರೆ, ಗರಿಷ್ಠ ವೇಗದಲ್ಲಿ ಅದು ಒಂದು ಬಿಂದುವನ್ನು ದಾಟಲು 64 ಮಿಲಿಸೆಕೆಂಡು ಬೇಕು. ಆದ್ದರಿಂದ ಸೆಕೆಂಡಿಗೆ 32 ಸಲ ನೋಡಿದರೆ ಸಾಕು. ಪ್ರತಿ ಸಲ 5 ಮಿಲಿಆಂಪಿಯರಿನಲ್ಲಿ 100 ಮೈಕ್ರೊಸೆಕೆಂಡು ಉರಿದರೆ ಮೂರೂ ಎಲ್‌ಇಡಿಗಳ ವಾರ್ಷಿಕ ಖರ್ಚು ಸುಮಾರು 420 ಮಿಲಿಆಂಪಿಯರ್-ಗಂಟೆ. ಬಿಡದೆ ಉರಿಸಿದರೆ ಒಂದೇ ದಿನಕ್ಕೆ 360 ಆಗುತ್ತದೆ.

ಹೀಗಾಗಿ ಹೊಸದಾಗಿ ತಯಾರಾಗುವ ಮೀಟರಿಗೆ ಪ್ರೇರಣ ವಿಧಾನವೇ ಮೇಲು. ಈಗಾಗಲೇ ಗೋಡೆಯಲ್ಲಿರುವ ಮೀಟರಿಗೆ ಮಿಣುಕುವ ಹಸಿರು ಬೆಳಕಿನ ಮೂರು ಸಂವೇದಕಗಳ ಏರ್ಪಾಡು ತಕ್ಕುದು.