ಪಕ್ಷಿ ಹಾಗೂ ನಿಸರ್ಗ ಛಾಯಾಗ್ರಹಣ ಶಿಬಿರಗಳು ಮತ್ತು ಮಾರ್ಗದರ್ಶಿತ ಕ್ಷೇತ್ರ ಸಂಚಾರ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕ ರಾಜ್ಯದಲ್ಲಿ ಪಕ್ಷಿ ವೀಕ್ಷಣೆ ಹಾಗೂ ನಿಸರ್ಗ ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳವರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಡಿಜಿಟಲ್ ಕ್ಯಾಮೆರಾಗಳು ಬಂದ ನಂತರ ಹಿಂದೆ ಕೆಲವರಿಗಷ್ಟೇ ಸಾಧ್ಯವಿದ್ದ ಈ ಹವ್ಯಾಸವು ವಿದ್ಯಾರ್ಥಿಗಳು, ನೌಕರರು, ಗೃಹಿಣಿಯರು ಹಾಗೂ ನಿವೃತ್ತರಿಗೂ ನಿಲುಕುವಂತಾಗಿದೆ. ಇದರ ಜೊತೆಯಲ್ಲಿಯೇ ಒಂದು ದಿನದಿಂದ ನಾಲ್ಕೈದು ದಿನಗಳವರೆಗಿನ ತರಬೇತಿ ಶಿಬಿರಗಳನ್ನೂ, ಮಾರ್ಗದರ್ಶಕರೊಡನೆ ಕೈಗೊಳ್ಳುವ ಕ್ಷೇತ್ರ ಸಂಚಾರಗಳನ್ನೂ ಅನೇಕ ಸಂಘ ಸಂಸ್ಥೆಗಳು ಹಾಗೂ ಖಾಸಗಿ ವ್ಯಕ್ತಿಗಳು ಏರ್ಪಡಿಸುತ್ತಿದ್ದಾರೆ. ಇಂತಹ ಶಿಬಿರಗಳಿಗೆ ಸೇರಬಯಸುವವರು ತಿಳಿದಿರಬೇಕಾದ ಸ್ಥಳ, ಋತು, ಕಾನೂನು, ವೆಚ್ಚ ಹಾಗೂ ನಡವಳಿಕೆಯ ವಿಷಯಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

2. ಹಿನ್ನೆಲೆ

ರಾಜ್ಯದಲ್ಲಿ ಪಕ್ಷಿ ಸಂರಕ್ಷಣೆಗೆ ದೀರ್ಘ ಇತಿಹಾಸವಿದೆ. ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಮಹಾರಾಜರು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದರು. ಬೆಂಗಳೂರಿನಲ್ಲಿ 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಅವರ ನೇತೃತ್ವದಲ್ಲಿ ಪಕ್ಷಿವೀಕ್ಷಕರ ಕ್ಷೇತ್ರ ಕೂಟವು ಆರಂಭವಾಯಿತು. ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸೇರಿ ಪಕ್ಷಿಗಳನ್ನು ನೋಡುವ ಪದ್ಧತಿಯನ್ನು ಈ ಕೂಟದವರು ಬೆಳೆಸಿದರು. ಶುಲ್ಕವಿಲ್ಲದೆ, ಹಿರಿಯರು ಕಿರಿಯರಿಗೆ ಹಕ್ಕಿಯ ಹೆಸರು ಮತ್ತು ಸ್ವಭಾವವನ್ನು ಹೇಳಿಕೊಡುತ್ತಾ ನಡೆಯುವ ಈ ಬಗೆಯ ಸಂಚಾರವು ಮಾರ್ಗದರ್ಶಿತ ವೀಕ್ಷಣೆಗೆ ಉತ್ತಮ ಮಾದರಿಯಾಗಿದೆ.

ಛಾಯಾಗ್ರಹಣ ಕ್ಷೇತ್ರದಲ್ಲಿ ಓ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಹಾಗೂ ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕರ್ನಾಟಕಕ್ಕೆ ಹೆಸರು ತಂದವರು. ಕನ್ನಡದ ಓದುಗರಲ್ಲಿ ಹಕ್ಕಿಗಳ ಬಗ್ಗೆ ಆಸಕ್ತಿ ಮೂಡಿಸಿದವರಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರು ಪ್ರಮುಖರು. ಅವರು ಸ್ವತಃ ಪಕ್ಷಿ ಛಾಯಾಗ್ರಾಹಕರೂ ಆಗಿದ್ದರು. 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳು ಹವ್ಯಾಸಿಗಳ ಬೆಳವಣಿಗೆಗೆ ನೆರವಾಗಿವೆ. 1980ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಅತಿಥಿಗೃಹಗಳಲ್ಲಿ ನಿಸರ್ಗತಜ್ಞರೊಡನೆ ಸಂಚರಿಸುವ ವ್ಯವಸ್ಥೆಯಿದೆ.

3. ಶಿಬಿರಗಳ ಸ್ವರೂಪ

ಸಾಮಾನ್ಯವಾಗಿ ಇವುಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಅ) ಪಕ್ಷಿ ವೀಕ್ಷಣಾ ನಡಿಗೆ: ಬೆಳಿಗ್ಗೆ ಎರಡು ಅಥವಾ ಮೂರು ಗಂಟೆಗಳ ಕಾಲ ಕೆರೆ, ಉದ್ಯಾನ ಅಥವಾ ಕಾಡಿನಂಚಿನಲ್ಲಿ ನಡೆಯುವುದು. ಇದಕ್ಕೆ ದುರ್ಬೀನು ಸಾಕು, ಕ್ಯಾಮೆರಾ ಅಗತ್ಯವಿಲ್ಲ. ಹೊಸಬರು ಮೊದಲು ಇದರಲ್ಲಿ ಭಾಗವಹಿಸುವುದು ಸೂಕ್ತ. ಹಕ್ಕಿಯ ಸ್ವಭಾವ ತಿಳಿಯದವರಿಗೆ ಬೆಲೆಬಾಳುವ ಲೆನ್ಸ್ ಇದ್ದರೂ ಒಳ್ಳೆಯ ಚಿತ್ರ ದೊರೆಯುವುದಿಲ್ಲ.

ಆ) ತರಬೇತಿ ಶಿಬಿರ: ಬೆಳಕು, ಷಟರ್ ವೇಗ, ಚೌಕಟ್ಟು ಮೊದಲಾದವುಗಳ ಬಗ್ಗೆ ಕೊಠಡಿಯಲ್ಲಿ ಪಾಠ, ನಂತರ ಕ್ಷೇತ್ರದಲ್ಲಿ ಅಭ್ಯಾಸ, ಕೊನೆಯಲ್ಲಿ ತೆಗೆದ ಚಿತ್ರಗಳ ವಿಮರ್ಶೆ.

ಇ) ವಸತಿ ಸಹಿತ ಪ್ರವಾಸ: ಅರಣ್ಯ ಪ್ರದೇಶದಲ್ಲಿ ಎರಡು ಮೂರು ದಿನ ತಂಗಿ, ವಾಹನ ಅಥವಾ ದೋಣಿಯಲ್ಲಿ ಸಂಚರಿಸುವುದು. ಇದಕ್ಕೆ ವೆಚ್ಚವೂ ಹೆಚ್ಚು, ನಿಬಂಧನೆಗಳೂ ಹೆಚ್ಚು.

4. ಪ್ರಮುಖ ಸ್ಥಳಗಳು ಮತ್ತು ಸೂಕ್ತ ಕಾಲ

ರಂಗನತಿಟ್ಟು, ಮಂಡ್ಯ ಜಿಲ್ಲೆ: ಶ್ರೀರಂಗಪಟ್ಟಣದ ಸಮೀಪ ಕಾವೇರಿ ನದಿಯ ನಡುಗಡ್ಡೆಗಳಲ್ಲಿರುವ ಪಕ್ಷಿಧಾಮ. 2022ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚಕೊಕ್ಕು, ಇರುಳು ಬಕ, ನದಿ ರೀವ ಮೊದಲಾದ ಹಕ್ಕಿಗಳನ್ನೂ, ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನೂ ದೋಣಿಯಿಂದಲೇ ನೋಡಬಹುದು. ಚಳಿಗಾಲ ಮತ್ತು ಬೇಸಿಗೆಯು ಸೂಕ್ತ ಕಾಲ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ಸಂಚಾರವನ್ನು ನಿಲ್ಲಿಸಲಾಗುತ್ತದೆ.

ಕೊಕ್ಕರೆ ಬೆಳ್ಳೂರು, ಮದ್ದೂರು ತಾಲ್ಲೂಕು: ಇದು ಅರಣ್ಯವಲ್ಲ, ಜನವಸತಿಯಿರುವ ಗ್ರಾಮ. ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮತ್ತಿತರ ಮರಗಳಲ್ಲಿ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿಗಳಾಗಿದ್ದ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಗ್ರಾಮದ ಮಹತ್ವವನ್ನು ಬೆಳಕಿಗೆ ತಂದರು. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಕ್ಕಿಗಳು ಗೂಡು ಕಟ್ಟಿದ ಮರದಲ್ಲಿ ಹುಣಸೆ ಫಸಲು ನಷ್ಟವಾದರೂ ಗ್ರಾಮಸ್ಥರು ತಲೆತಲಾಂತರದಿಂದ ಅವುಗಳನ್ನು ತಮ್ಮ ಊರಿನವೆಂದೇ ಕಾಪಾಡಿಕೊಂಡು ಬಂದಿದ್ದಾರೆ. ಆದುದರಿಂದ ಇಲ್ಲಿಗೆ ಭೇಟಿ ನೀಡುವವರು ಮನೆಯವರ ಒಪ್ಪಿಗೆಯಿಲ್ಲದೆ ಹಿತ್ತಿಲು ಅಥವಾ ಮಾಳಿಗೆಯನ್ನು ಪ್ರವೇಶಿಸತಕ್ಕದ್ದಲ್ಲ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಸೂಕ್ತ ಕಾಲ.

ಭದ್ರಾ ಜಲಾಶಯ, ಲಕ್ಕವಳ್ಳಿ: ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ನಡುಗಡ್ಡೆಗಳಲ್ಲಿ ನದಿ ರೀವಗಳು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ.

ಗಣೇಶಗುಡಿ, ಉತ್ತರ ಕನ್ನಡ ಜಿಲ್ಲೆ: ಇಲ್ಲಿನ ಓಲ್ಡ್ ಮ್ಯಾಗಜಿನ್ ಹೌಸ್ ಶಿಬಿರದಲ್ಲಿ ಹಕ್ಕಿಗಳು ಸ್ನಾನಕ್ಕೆ ಬರುವ ನೀರಿನ ತೊಟ್ಟಿಗಳಿವೆ. ಪಶ್ಚಿಮ ಘಟ್ಟದ ಕಾಡುಹಕ್ಕಿಗಳನ್ನು ಒಂದೆಡೆ ಕುಳಿತು ಹತ್ತಿರದಿಂದ ನೋಡುವ ಅವಕಾಶವಿದೆ.

ಮಾಗಡಿ ಕೆರೆ, ಗದಗ ಜಿಲ್ಲೆ: ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ಈ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು.

ಮಂಡಗದ್ದೆ ಮತ್ತು ಗುಡವಿ, ಶಿವಮೊಗ್ಗ ಜಿಲ್ಲೆ: ಇವು ಮಳೆಗಾಲದ ಪಕ್ಷಿಧಾಮಗಳು. ಜುಲೈನಿಂದ ಅಕ್ಟೋಬರ್‌ವರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಹಾಗೂ ಕೆಂಬರಲುಗಳು ಕಂಡುಬರುತ್ತವೆ.

ದೂರದ ಸ್ಥಳಗಳಿಗೆ ಹೋಗಲು ಅನುಕೂಲವಿಲ್ಲದವರು ತಮ್ಮ ಊರಿನ ಕೆರೆಯಿಂದಲೇ ಆರಂಭಿಸಬಹುದು. ರಾಜ್ಯಪಕ್ಷಿಯಾದ ನೀಲಕಂಠವು ಹೊಲಗಳ ನಡುವಿನ ತಂತಿಗಳ ಮೇಲೆ ಕುಳಿತಿರುವುದನ್ನು ಬಯಲುಸೀಮೆಯ ಅನೇಕ ಕಡೆ ಕಾಣಬಹುದು.

5. ಅನ್ವಯಿಸುವ ಕಾನೂನು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 27ರಂತೆ ಅಭಯಾರಣ್ಯಗಳಿಗೆ ಪ್ರವೇಶವು ನಿರ್ಬಂಧಿತವಾಗಿದೆ. ಪ್ರಕರಣ 28ರಂತೆ ಛಾಯಾಗ್ರಹಣ, ಅಧ್ಯಯನ, ಪ್ರವಾಸ ಮೊದಲಾದ ಉದ್ದೇಶಗಳಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದು. 2022ರ ತಿದ್ದುಪಡಿಯ ಮೂಲಕ, ಛಾಯಾಗ್ರಹಣ ಮತ್ತು ಚಿತ್ರೀಕರಣವು ವನ್ಯಜೀವಿಗಳ ನೆಲೆಯನ್ನು ಬದಲಿಸದಂತೆ ಹಾಗೂ ನೆಲೆಗೆ ಅಥವಾ ವನ್ಯಜೀವಿಗಳಿಗೆ ಬಾಧಕವಾಗದಂತೆ ಇರಬೇಕೆಂಬ ಷರತ್ತನ್ನು ಇದೇ ಪ್ರಕರಣಕ್ಕೆ ಸೇರಿಸಲಾಗಿದೆ. ಹಕ್ಕಿ ಚೆನ್ನಾಗಿ ಕಾಣಲೆಂದು ಗೂಡಿನ ಸುತ್ತಲಿನ ಕೊಂಬೆ, ಎಲೆಗಳನ್ನು ಕತ್ತರಿಸುವುದು ಈ ಷರತ್ತಿಗೆ ವಿರುದ್ಧವಾಗುತ್ತದೆ.

ಇದಕ್ಕಿಂತ ಮುಖ್ಯವಾದ ಅಂಶವೊಂದನ್ನು ಬಹಳ ಜನರು ಗಮನಿಸಿಲ್ಲ. ಅಧಿನಿಯಮದ ಪ್ರಕರಣ 2(16)ರಲ್ಲಿ ನೀಡಿರುವ "ಬೇಟೆ" ಎಂಬ ಪದದ ವ್ಯಾಖ್ಯೆಯಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ, ಆಮಿಷವೊಡ್ಡುವುದು, ಹಾಗೂ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿವೆ. ಅಂದರೆ, ಕೈಯಲ್ಲಿ ಕೋವಿಯಿಲ್ಲದೆ ಕೇವಲ ಕ್ಯಾಮೆರಾ ಹಿಡಿದವರೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯ ಆರೋಪಕ್ಕೆ ಗುರಿಯಾಗಬಹುದು. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ನಡೆದ ಬೇಟೆಯ ಅಪರಾಧಕ್ಕೆ 3 ವರ್ಷಕ್ಕೆ ಕಡಿಮೆಯಿಲ್ಲದ ಹಾಗೂ 7 ವರ್ಷದವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸ, ಮತ್ತು ದಂಡ ವಿಧಿಸಲು ಅವಕಾಶವಿದೆ. "ನನಗೆ ತಿಳಿದಿರಲಿಲ್ಲ, ಶಿಬಿರದವರು ಹೇಳಿದಂತೆ ಮಾಡಿದೆ" ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಡ್ರೋನ್‌ಗಳನ್ನು ಪೂರ್ವಾನುಮತಿಯಿಲ್ಲದೆ ಅರಣ್ಯ ಹಾಗೂ ಪಕ್ಷಿಧಾಮಗಳಿಗೆ ಒಯ್ಯಬಾರದು.

6. ಗೂಡುಗಳ ಸಮೀಪ ಛಾಯಾಗ್ರಹಣ ಏಕೆ ಸಲ್ಲದು

ಈ ನಿರ್ಬಂಧಕ್ಕೆ ಸ್ಪಷ್ಟ ಕಾರಣಗಳಿವೆ. ನದಿ ರೀವವು ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಸಣ್ಣ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ತಾಯಿಹಕ್ಕಿಯು ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ನೀಡಲು ಸಹ. ದೋಣಿ ತೀರಾ ಸಮೀಪಿಸಿದಾಗ ಹಕ್ಕಿಗಳೆಲ್ಲವೂ ಒಮ್ಮೆಗೇ ಮೇಲೇಳುತ್ತವೆ. ಈ ದೃಶ್ಯವು ಚಿತ್ರದಲ್ಲಿ ಸೊಗಸಾಗಿ ಕಾಣಬಹುದು. ಆದರೆ ಅಷ್ಟು ಹೊತ್ತೂ ಮೊಟ್ಟೆಗಳು ಸುಡುವ ನೆಲದ ಮೇಲೆ ಬಿಸಿಲಿಗೆ ಒಡ್ಡಿಕೊಂಡಿರುತ್ತವೆ. ಕಾಗೆ, ಹದ್ದುಗಳಿಗೂ ಅವು ಸುಲಭವಾಗಿ ಸಿಗುತ್ತವೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯವಿರುವ ಪ್ರಭೇದಗಳ ಸಾಲಿನಲ್ಲಿ ಈ ಹಕ್ಕಿಯೂ ಸೇರಿದೆ. ಒಬ್ಬರ ಒಂದು ಚಿತ್ರಕ್ಕಾಗಿ ಒಂದು ಋತುವಿನ ಸಂತಾನವೇ ನಷ್ಟವಾಗಬಹುದು.

ಅದೇ ರೀತಿ, ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವುದು ಸಹ ಹಾನಿಕರ. ತನ್ನ ನೆಲೆಗೆ ಬೇರೊಂದು ಗಂಡು ಬಂದಿದೆಯೆಂದು ಭಾವಿಸಿ ಹಕ್ಕಿಯು ಆಹಾರ ಹುಡುಕುವುದನ್ನೂ ಮರಿಗಳನ್ನೂ ಬಿಟ್ಟು ಇಲ್ಲದ ಎದುರಾಳಿಯನ್ನು ಅರಸುತ್ತದೆ. ಹಗಲಿನಲ್ಲಿ ಎಲೆಗಳ ನಡುವೆ ಅಲುಗಾಡದೆ ಕೂರುವ ಕಪ್ಪೆಬಾಯಿ, ಗೂಬೆ ಮೊದಲಾದ ನಿಶಾಚರ ಹಕ್ಕಿಗಳ ಬಳಿ ಗುಂಪುಗೂಡುವುದು, ಫ್ಲ್ಯಾಷ್ ಬಳಸುವುದು ಅವುಗಳ ವಿಶ್ರಾಂತಿಗೆ ಭಂಗ ತರುತ್ತದೆ.

7. ಶಿಬಿರಕ್ಕೆ ಹಣ ಪಾವತಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಶಿಬಿರ ನಡೆಯುವ ಸ್ಥಳಕ್ಕೆ ಪ್ರವೇಶಾನುಮತಿ ಪಡೆಯಲಾಗಿದೆಯೇ ಎಂದು ಕೇಳಿ, ಅನುಮತಿ ಪತ್ರದ ಪ್ರತಿಯನ್ನು ನೋಡುವುದು.

ಆ) ಶುಲ್ಕದಲ್ಲಿ ಯಾವುವು ಸೇರಿವೆ, ಯಾವುವು ಸೇರಿಲ್ಲ ಎಂಬುದನ್ನು ಲಿಖಿತವಾಗಿ ಪಡೆಯುವುದು. ಪ್ರವೇಶ ಶುಲ್ಕ, ವಾಹನ ಅಥವಾ ದೋಣಿ ಬಾಡಿಗೆ, ವಸತಿ, ಊಟ ಹಾಗೂ ಕ್ಯಾಮೆರಾ ಶುಲ್ಕಗಳು ಪ್ರತ್ಯೇಕವಾಗಿರಬಹುದು. ಹಲವು ಕಡೆ ಲೆನ್ಸಿನ ಗಾತ್ರಕ್ಕೆ ಅನುಗುಣವಾಗಿ ಕ್ಯಾಮೆರಾ ಶುಲ್ಕ ವಿಧಿಸಲಾಗುತ್ತದೆ. ಕಡಿಮೆ ಎಂದು ತೋರುವ ಶುಲ್ಕವು ಇವೆಲ್ಲವನ್ನೂ ಕೂಡಿದಾಗ ಹೆಚ್ಚಾಗುವುದುಂಟು.

ಇ) ಸಂದಾಯ ಮಾಡಿದ ಮೊತ್ತಕ್ಕೆ ಸಂಸ್ಥೆಯ ಹೆಸರು, ದಿನಾಂಕ ಹಾಗೂ ಅನ್ವಯಿಸುವ ಸರಕು ಮತ್ತು ಸೇವಾ ತೆರಿಗೆಯ ವಿವರವುಳ್ಳ ರಸೀದಿ ಪಡೆಯುವುದು.

ಈ) ಮಳೆ, ಕಾಳ್ಗಿಚ್ಚು, ಅಥವಾ ಸರ್ಕಾರಿ ಆದೇಶದ ಕಾರಣದಿಂದ ಸಂಚಾರ ರದ್ದಾದಲ್ಲಿ ಎಷ್ಟು ಹಣ ಮರಳುತ್ತದೆ ಎಂಬುದನ್ನು ಮೊದಲೇ ತಿಳಿಯುವುದು.

ಉ) ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ ಶಿಬಿರಾರ್ಥಿಗಳು ಎಂದು ವಿಚಾರಿಸುವುದು. ಗುಂಪು ಚಿಕ್ಕದಾದಷ್ಟೂ ಕಲಿಕೆ ಹೆಚ್ಚು, ಹಕ್ಕಿಗಳಿಗೆ ತೊಂದರೆ ಕಡಿಮೆ.

ಊ) ಇಂತಹ ಹಕ್ಕಿಯ ಚಿತ್ರ ಖಂಡಿತ ದೊರೆಯುತ್ತದೆ ಎಂದು ಭರವಸೆ ನೀಡುವ ಪ್ರಕಟಣೆಗಳ ಬಗ್ಗೆ ಎಚ್ಚರ ವಹಿಸುವುದು. ಕಾಡಿನಲ್ಲಿ ಇಂತಹ ಭರವಸೆಯನ್ನು ಯಾರೂ ನೀಡಲಾರರು. ನೀಡಿದಲ್ಲಿ, ಆಮಿಷವನ್ನೋ ಗೂಡನ್ನೋ ನೆಚ್ಚಿಕೊಂಡಿರುವ ಸಂಭವವಿರುತ್ತದೆ.

ಒಪ್ಪಿಕೊಂಡ ಸೇವೆಯನ್ನು ಒದಗಿಸದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಆಗ ಮೇಲೆ ಹೇಳಿದ ರಸೀದಿ ಹಾಗೂ ಲಿಖಿತ ವಿವರಗಳೇ ಆಧಾರವಾಗುತ್ತವೆ.

8. ಸಾಮಗ್ರಿ ಮತ್ತು ಆರೋಗ್ಯ

ಹೊಸಬರಿಗೆ 8x42 ಅಳತೆಯ ದುರ್ಬೀನು ಅನುಕೂಲಕರ. ಪಕ್ಷಿ ಛಾಯಾಗ್ರಹಣಕ್ಕೆ 300 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಲೆನ್ಸ್ ಬೇಕಾಗುತ್ತದೆ. ಖರೀದಿಸುವ ಮುನ್ನ ಬಾಡಿಗೆಗೆ ಪಡೆದು ನೋಡುವುದು ಮಿತವ್ಯಯ. ಹಾರುವ ಹಕ್ಕಿಗೆ ಷಟರ್ ವೇಗವು ಸೆಕೆಂಡಿನ 1/1000 ಭಾಗ ಅಥವಾ ಅದಕ್ಕಿಂತ ವೇಗವಾಗಿರಬೇಕು. ದೋಣಿ ಹಾಗೂ ವಾಹನಗಳಲ್ಲಿ ತ್ರಿಪಾದಿಗಿಂತ ಕಾಳು ತುಂಬಿದ ಬಟ್ಟೆಯ ಚೀಲವೇ ಉತ್ತಮ ಆಧಾರ. ಸೂರ್ಯೋದಯದ ನಂತರದ ಎರಡು ಗಂಟೆ ಹಾಗೂ ಸೂರ್ಯಾಸ್ತದ ಮುಂಚಿನ ಒಂದೂವರೆ ಗಂಟೆ ಬೆಳಕು ಹಿತವಾಗಿರುತ್ತದೆ. ಹಸಿರು, ಕಂದು ಮೊದಲಾದ ಮಾಸಲು ಬಣ್ಣದ ಉಡುಪು ಧರಿಸಬೇಕು.

ಮಳೆಗಾಲದಲ್ಲಿ ಮಲೆನಾಡಿನಲ್ಲಿ ಇಂಬಳಗಳಿಂದ ರಕ್ಷಣೆಗೆ ಉದ್ದನೆಯ ಕಾಲುಚೀಲ ಅಗತ್ಯ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಲೆನಾಡಿನ ಕೆಲವು ಭಾಗಗಳಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಭೀತಿಯಿರುತ್ತದೆ. ಈ ರೋಗವನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲಾಯಿತು. ಮಂಗಗಳು ಸತ್ತ ವರದಿಯಿರುವ ಕಾಡಿಗೆ ಹೋಗಬಾರದು. ಮೈತುಂಬ ಬಟ್ಟೆ ಧರಿಸಿ, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ನಂತರ ಜ್ವರ ಬಂದಲ್ಲಿ, ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

9. ಚಿತ್ರಗಳ ಸದುಪಯೋಗ

ತೆಗೆದ ಚಿತ್ರದೊಡನೆ ದಿನಾಂಕ, ಹಕ್ಕಿಯ ಹೆಸರು ಹಾಗೂ ಸಂಖ್ಯೆಯನ್ನು ಬರೆದಿಟ್ಟುಕೊಂಡಲ್ಲಿ ಅದು ಕೇವಲ ಅಲಂಕಾರವಾಗದೆ ದಾಖಲೆಯಾಗುತ್ತದೆ. ಪ್ರತಿ ವರ್ಷ ಜನವರಿಯಲ್ಲಿ ನಡೆಯುವ ಏಷ್ಯಾದ ಜಲಪಕ್ಷಿ ಗಣತಿಯಲ್ಲಿ ಹವ್ಯಾಸಿಗಳೂ ಭಾಗವಹಿಸಬಹುದು. ಆದರೆ ಗೂಡುಗಳ ಹಾಗೂ ಅಪರೂಪದ ಹಕ್ಕಿಗಳ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಬಾರದು. ಸ್ಥಳ ತಿಳಿದ ಮರುದಿನವೇ ಜನಸಂದಣಿ ಸೇರುವ ಸಂಭವವಿದೆ.

10. ಕೊನೆಯ ಸೂಚನೆ

ಶುಲ್ಕ, ಸಮಯ ಹಾಗೂ ಸಂಚಾರದ ನಿಬಂಧನೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಪ್ರಯಾಣ ಹೊರಡುವ ಮುನ್ನ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಗೂಡುಗಳಿಗೆ ತೊಂದರೆ ನೀಡುವುದು ಕಂಡುಬಂದಲ್ಲಿ ಅದೇ ಕಚೇರಿಗೆ ಮಾಹಿತಿ ನೀಡಬಹುದು. ಚಿತ್ರ ದೊರೆಯದಿದ್ದರೂ ಹಕ್ಕಿಯು ತನ್ನ ಗೂಡಿನಲ್ಲಿ ನೆಮ್ಮದಿಯಿಂದಿದ್ದರೆ ಆ ದಿನದ ಸಂಚಾರವು ಸಫಲವೆಂದೇ ತಿಳಿದು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.