ಪೋಕೆಮಾನ್ ಆಟಗಳಲ್ಲಿ ವಿಕಾಸ

ಪೋಕೆಮಾನ್ ವಿಡಿಯೊ ಗೇಮ್‌ಗಳಲ್ಲಿ ಆಟಗಾರ ಹಿಡಿದು ಸಾಕಿದ ಜೀವಿ, ಗೊತ್ತುಪಡಿಸಿದ ಷರತ್ತು ಪೂರೈಸಿದಾಗ ಇನ್ನೊಂದು ಜೀವಿಯಾಗಿ ಬದಲಾಗುವುದನ್ನು ವಿಕಾಸ ಎನ್ನುತ್ತಾರೆ. ಆಟಗಾರರ ಬಾಯಲ್ಲಿ ಅದು ‘ಎವಾಲ್ವ್ ಆಗುವುದು’. ರೂಪ, ಬಲ, ಕಲಿಯಬಲ್ಲ ಪಟ್ಟುಗಳು, ಎಷ್ಟೋ ಸಲ ಟೈಪ್ (ನೀರು, ವಿದ್ಯುತ್‌ನಂಥ ವರ್ಗ) ಕೂಡ ಬದಲಾಗುತ್ತವೆ. ಬದಲಾದ ಮೇಲೆ ಹಿಂದಿನ ರೂಪಕ್ಕೆ ಮರಳುವ ದಾರಿ ಇಲ್ಲ. 2013ರ ‘ಎಕ್ಸ್’ ಮತ್ತು ‘ವೈ’ ಆಟಗಳಲ್ಲಿ ಬಂದ ಮೆಗಾ ವಿಕಾಸ ಕಾಳಗ ಮುಗಿದೊಡನೆ ಇಳಿದುಹೋಗುವಂಥದ್ದು. ಅದು ಈ ಲೆಕ್ಕಕ್ಕೆ ಸೇರದು.

ಟೋಕಿಯೊ ಹೊರವಲಯದ ಮಾಚಿದಾದಲ್ಲಿ ಬೆಳೆದ ಸತೋಶಿ ತಾಜಿರಿಗೆ ಬಾಲ್ಯದಲ್ಲಿ ಕೀಟ ಹಿಡಿಯುವ ಗೀಳಿತ್ತು. ಅವರ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿ, ನಿಂಟೆಂಡೊ ಪ್ರಕಟಿಸಿದ ‘ರೆಡ್’ ಮತ್ತು ‘ಗ್ರೀನ್’ ಆಟಗಳು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್‌ಗಾಗಿ ಬಿಡುಗಡೆಯಾದವು. ಅವುಗಳಲ್ಲಿದ್ದ 151 ಜೀವಿಗಳ ಪೈಕಿ ಮೊದಲು ಎದುರಾಗುವವುಗಳಲ್ಲಿ ಒಂದು ಕ್ಯಾಟರ್‌ಪಿ ಎಂಬ ಹುಳು. ಅದು 7ನೇ ಲೆವೆಲ್‌ನಲ್ಲಿ ಮೆಟಾಪಾಡ್ ಎಂಬ ಕೋಶವಾಗಿ, 10ನೇ ಲೆವೆಲ್‌ಗೆ ಬಟರ್‌ಫ್ರೀ ಎಂಬ ಚಿಟ್ಟೆಯಾಗಿ ಹೊರಬರುತ್ತದೆ. ಡಾರ್ವಿನ್ ಹೇಳಿದ, ತಲೆಮಾರುಗಳುದ್ದಕ್ಕೂ ನಡೆಯುವ ಬದಲಾವಣೆಗೂ ಇದಕ್ಕೂ ಸಂಬಂಧವಿಲ್ಲ. ಕೀಟ ಸಾಕಿದ ಹುಡುಗನ ಕಣ್ಣಿಗೆ ಬಿದ್ದದ್ದೇ ಇಲ್ಲಿ ಆಟದ ನಿಯಮವಾಗಿದೆ.

ಅತ್ಯಂತ ಸಾಮಾನ್ಯ ವಿಧಾನ ಲೆವೆಲ್ ಏರಿಸುವುದು. ಚಾರ್ಮಾಂಡರ್ ಮತ್ತು ಸ್ಕ್ವರ್ಟಲ್ 16 ಹಾಗೂ 36ನೇ ಲೆವೆಲ್‌ನಲ್ಲಿ, ಬಲ್ಬಸಾರ್ 16 ಹಾಗೂ 32ರಲ್ಲಿ ರೂಪ ಬದಲಿಸುತ್ತವೆ. ಡ್ರಾಟಿನಿ ಡ್ರಾಗನೈಟ್ ಆಗುವುದಕ್ಕೆ 55ರವರೆಗೆ ಕಾಯಬೇಕು. ಕಾಳಗ ಮುಗಿದ ಮೇಲೆ ಪರದೆಯ ಮೇಲೆ ಬೆರಗಿನ ಒಂದು ಸಾಲು ಮೂಡಿ, ಸಂಗೀತ ಬದಲಾಗಿ, ಹಳೆಯ ಆಕಾರವೂ ಹೊಸ ಆಕಾರವೂ ನೆರಳಿನಂತೆ ಸರದಿಯಲ್ಲಿ ಮಿನುಗತೊಡಗುತ್ತವೆ. ಮೊದಲು ನಿಧಾನವಾಗಿ, ಆಮೇಲೆ ಕಣ್ಣು ಕುಕ್ಕುವಷ್ಟು ವೇಗವಾಗಿ. ಆ ಕೆಲವು ಕ್ಷಣಗಳಲ್ಲಿ ‘ಬಿ’ ಗುಂಡಿ ಒತ್ತಿದರೆ ವಿಕಾಸ ನಿಂತುಹೋಗುತ್ತದೆ. ಮುಂದಿನ ಲೆವೆಲ್‌ಗೆ ಅದು ಮತ್ತೆ ಶುರುವಾಗುತ್ತದೆ. ಪ್ರತಿ ಸಲ ಗುಂಡಿ ಒತ್ತುವ ರಗಳೆ ಬೇಡವೆನ್ನುವವರಿಗೆ 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಆಟಗಳಲ್ಲಿ ಎವರ್‌ಸ್ಟೋನ್ ಬಂತು. ಅದನ್ನು ಹಿಡಿದಿರುವ ಜೀವಿ ಬದಲಾಗುವುದಿಲ್ಲ.

ಬಲವಾಗುವುದನ್ನು ತಡೆಯುವವರೂ ಇರುತ್ತಾರೆಯೇ? ಇರುತ್ತಾರೆ, ಅದಕ್ಕೆ ಕಾರಣವೂ ಇದೆ. ವಿಕಾಸ ಹೊಂದಿದ ಜೀವಿ ಹೊಸ ಪಟ್ಟುಗಳನ್ನು ತಡವಾಗಿ ಕಲಿಯುತ್ತದೆ. ಮೊದಲ ಆಟಗಳಲ್ಲಿ ಬಲ್ಬಸಾರ್ ರೇಜರ್ ಲೀಫ್ ಕಲಿಯುವುದು 27ನೇ ಲೆವೆಲ್‌ನಲ್ಲಿ, ಅದು ಐವಿಸಾರ್ ಆಗಿದ್ದರೆ 30ರಲ್ಲಿ. ಸೋಲಾರ್ ಬೀಮ್ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು: ಬಲ್ಬಸಾರ್‌ಗೆ 48, ಐವಿಸಾರ್‌ಗೆ 54, ಅದರ ಮುಂದಿನ ರೂಪ ವೀನಸಾರ್‌ಗೆ 65. ಮೂರು ಲೆವೆಲ್‌ಗಾಗಿ ವಿಕಾಸ ತಡೆಯುವುದು ದಂಡ. ಹದಿನೇಳು ಲೆವೆಲ್ ಅಂದರೆ ಯೋಚಿಸಬೇಕಾದ್ದೇ. ಆದರೆ ಅಷ್ಟು ಹೊತ್ತು ಎಳೆಯ ಬಲ್ಬಸಾರ್ ಅನ್ನೇ ಕಾಳಗಕ್ಕಿಳಿಸಿ ಸೋಲು ತಿನ್ನುವ ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ.

ಸ್ಟೋನ್ ಎಂಬ ವಿಶೇಷ ಕಲ್ಲುಗಳಿಂದ ಆಗುವ ವಿಕಾಸದಲ್ಲಿ ಈ ಎಚ್ಚರ ನಿಜವಾಗಿ ಬೇಕಿತ್ತು. ಮೊದಲ ಆಟದಲ್ಲಿ ಸೆಲಡಾನ್ ನಗರದ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ ಹೋಗಿ ಆಟದ ಹಣ 2100 ಕೊಟ್ಟರೆ ಫೈರ್ ಸ್ಟೋನ್ ಕೈಗೆ ಬರುತ್ತದೆ. ಅದನ್ನು ಗ್ರೋಲಿತ್‌ಗೆ ಕೊಟ್ಟೊಡನೆ ಆರ್ಕನೈನ್ ಸಿದ್ಧ. ಇಲ್ಲಿ ‘ಬಿ’ ಗುಂಡಿಯ ಆಟ ನಡೆಯದು. ತೊಂದರೆ ಗೊತ್ತಾಗುವುದು ಆಮೇಲೆ. ಆರ್ಕನೈನ್ ಲೆವೆಲ್ ಏರಿ ಹೊಸದೇನನ್ನೂ ಕಲಿಯುವುದಿಲ್ಲ. ಗ್ರೋಲಿತ್ 50ನೇ ಲೆವೆಲ್‌ನಲ್ಲಿ ಕಲಿಯಬೇಕಿದ್ದ ಫ್ಲೇಮ್‌ಥ್ರೋವರ್ ಕೈತಪ್ಪಿ ಹೋಯಿತು. ಮರೆತದ್ದನ್ನು ನೆನಪಿಸಿಕೊಡುವವರೂ ಆ ಆಟದಲ್ಲಿ ಇರಲಿಲ್ಲ. ಹೊಸ ಆಟಗಳಲ್ಲಿ ಈ ಲೆಕ್ಕಾಚಾರ ಬಹುತೇಕ ಮಾಯವಾಗಿದೆ. 2019ರ ‘ಸ್ವೋರ್ಡ್’ ಮತ್ತು ‘ಶೀಲ್ಡ್’ ಆಟಗಳಲ್ಲಿ ಜೀವಿಗಳಿಗೆ ಚಿಕಿತ್ಸೆ ಕೊಡುವ ಪೋಕೆಮಾನ್ ಸೆಂಟರ್‌ಗಳಲ್ಲೇ ಪುಕ್ಕಟೆಯಾಗಿ ಪಟ್ಟು ನೆನಪಿಸುತ್ತಾರೆ. 2022ರ ‘ಸ್ಕಾರ್ಲೆಟ್’ ಮತ್ತು ‘ವಯಲೆಟ್’ ಆಟಗಳಲ್ಲಿ ಅಷ್ಟು ದೂರ ಹೋಗುವ ಕೆಲಸವೂ ಇಲ್ಲ, ಮೆನುವಿನಲ್ಲೇ ಮುಗಿಯುತ್ತದೆ. ಹಾಗಾಗಿ ಈಗ ಕಾಯುವುದರಲ್ಲಿ ಅಂಥ ಲಾಭವಿಲ್ಲ.

ತಡವಾಗಿ ಎವಾಲ್ವ್ ಮಾಡಿದರೆ ಜೀವಿ ಹೆಚ್ಚು ಬಲಶಾಲಿಯಾಗುತ್ತದೆ ಎಂಬ ನಂಬಿಕೆ ಶಾಲೆಯ ಹುಡುಗರಲ್ಲಿ ಬಲವಾಗಿ ಬೇರೂರಿದೆ. ಇದರಲ್ಲಿ ಹುರುಳಿಲ್ಲ. ಜೀವಿಯ ದಾಳಿ, ರಕ್ಷಣೆ, ವೇಗದಂಥ ಅಂಕಿಗಳನ್ನು ಆಟ ಅದರ ಈಗಿನ ಜಾತಿ, ಲೆವೆಲ್, ಹುಟ್ಟಿನಿಂದ ಬಂದ ಗುಪ್ತ ಅಂಕಿ ಮತ್ತು ಪಡೆದ ತಾಲೀಮಿನ ಆಧಾರದಲ್ಲಿ ಲೆಕ್ಕ ಹಾಕುತ್ತದೆ. ಅದು ಯಾವ ಲೆವೆಲ್‌ನಲ್ಲಿ ರೂಪ ಬದಲಿಸಿತು ಎಂಬುದು ಲೆಕ್ಕದೊಳಗೆ ಬರುವುದೇ ಇಲ್ಲ.

ಕಾಯಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳದ ಜೀವಿಯೂ ಒಂದಿದೆ. ಮೊದಲ ಆಟದ ಮೌಂಟ್ ಮೂನ್ ಬಳಿಯ ಪೋಕೆಮಾನ್ ಸೆಂಟರ್‌ನಲ್ಲಿ ಒಬ್ಬಾತ 500ಕ್ಕೆ ಮ್ಯಾಜಿಕಾರ್ಪ್ ಎಂಬ ಮೀನನ್ನು ಮಾರುತ್ತಾನೆ. ಅದಕ್ಕೆ ಬರುವ ಏಕೈಕ ವಿದ್ಯೆ ಪಟಪಟ ಒದ್ದಾಡುವುದು. ಅದರಿಂದ ಎದುರಾಳಿಗೆ ಏನೂ ಆಗದು. 15ನೇ ಲೆವೆಲ್‌ನಲ್ಲಿ ಡಿಕ್ಕಿ ಹೊಡೆಯಲು ಕಲಿತರೂ ದಾಳಿಯ ಮೂಲ ಅಂಕಿ ಬರೀ 10. ಕಾಳಗದ ಮೊದಲ ಸರದಿಯಲ್ಲಿ ಅದನ್ನು ಮುಂದೆ ನಿಲ್ಲಿಸಿ, ಕೂಡಲೇ ಬೇರೊಂದನ್ನು ಕಳಿಸಿ, ಸಿಕ್ಕ ಅನುಭವದಲ್ಲಿ ಪಾಲು ಕೊಡಿಸುತ್ತಾ ಎಳೆದರೆ 20ನೇ ಲೆವೆಲ್‌ನಲ್ಲಿ ಗ್ಯಾರಡೋಸ್ ಆಗುತ್ತದೆ. ದಾಳಿಯ ಅಂಕಿ ಒಮ್ಮೆಗೇ 125. ಆದರೆ ಟೈಪ್ ನೀರಿನ ಜೊತೆ ಹಾರಾಟವೂ ಸೇರಿ ಎರಡಾಗುವುದರಿಂದ ವಿದ್ಯುತ್ ಪೆಟ್ಟು ನಾಲ್ಕು ಪಟ್ಟು ತಟ್ಟುತ್ತದೆ.

ಎಲ್ಲ ವಿಕಾಸವೂ ಬಡ್ತಿಯಲ್ಲ. ಸೈಥರ್ ಸೈಜರ್ ಆದಾಗ ಮೂಲ ಅಂಕಿಗಳ ಒಟ್ಟು ಮೊತ್ತ 500ರಲ್ಲೇ ನಿಲ್ಲುತ್ತದೆ. ದಾಳಿ ಮತ್ತು ರಕ್ಷಣೆ ಏರಿ, ವೇಗ 105ರಿಂದ 65ಕ್ಕೆ ಕುಸಿಯುತ್ತದೆ. 2010ರ ‘ಬ್ಲ್ಯಾಕ್’ ಮತ್ತು ‘ವೈಟ್’ ಆಟಗಳಲ್ಲಿ ಬಂದ ಎವಿಯೊಲೈಟ್ ಎಂಬ ವಸ್ತು, ಇನ್ನೂ ವಿಕಾಸ ಬಾಕಿ ಇರುವ ಜೀವಿಯ ರಕ್ಷಣೆ ಮತ್ತು ವಿಶೇಷ ರಕ್ಷಣೆ ಎರಡನ್ನೂ ಒಂದೂವರೆ ಪಟ್ಟು ಮಾಡುತ್ತದೆ. ಅದನ್ನು ಹಿಡಿದ ಚಾನ್ಸಿ ತನ್ನ ಮುಂದಿನ ರೂಪವಾದ ಬ್ಲಿಸಿಗಿಂತ ಗಟ್ಟಿ. ಪಂದ್ಯ ಆಡುವವರು ಅದನ್ನು ಬೇಕೆಂದೇ ಹಾಗೇ ಉಳಿಸಿಕೊಳ್ಳುತ್ತಾರೆ.

ಕಡಾಬ್ರಾ, ಮಚೋಕ್, ಗ್ರ್ಯಾವೆಲರ್, ಹಾಂಟರ್ ಈ ನಾಲ್ಕು ಎಷ್ಟು ಲೆವೆಲ್ ಏರಿದರೂ ಬದಲಾಗವು. ಎರಡು ಗೇಮ್ ಬಾಯ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಇನ್ನೊಬ್ಬರಿಗೆ ಟ್ರೇಡ್ ಮಾಡಿದಾಗ ಮಾತ್ರ ಅಲಕಜಾಮ್, ಮಚಾಂಪ್, ಗೋಲೆಮ್, ಗೆಂಗಾರ್ ಆಗುತ್ತವೆ. ಆಮೇಲೆ ಗೆಳೆಯನಿಂದ ಅದನ್ನು ವಾಪಸ್ ಪಡೆಯಬೇಕು, ಅವನು ಕೊಟ್ಟರೆ. ಮಕ್ಕಳು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಲಿ ಎಂಬ ಉದ್ದೇಶಕ್ಕೆ ಇದು ಚೆನ್ನಾಗಿ ಒದಗಿತು. ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ ಒಬ್ಬರೇ ಕೂತು ಆಡಿದವರ ಪಾಲಿಗೆ ಮಾತ್ರ ಅಲಕಜಾಮ್ ಗಗನಕುಸುಮವಾಗಿಯೇ ಉಳಿಯಿತು. ನಮ್ಮಲ್ಲಿ ಅಂಥವರೇನೂ ಕಡಿಮೆಯಿರಲಿಲ್ಲ. ನಂತರದ ಆಟಗಳು ಷರತ್ತನ್ನು ಇನ್ನಷ್ಟು ಬಿಗಿಮಾಡಿದವು: ಆನಿಕ್ಸ್ ಸ್ಟೀಲಿಕ್ಸ್ ಆಗಲು ಟ್ರೇಡ್ ವೇಳೆ ಮೆಟಲ್ ಕೋಟ್ ಹಿಡಿದಿರಬೇಕು, ಶೆಲ್ಮೆಟ್ ಮತ್ತು ಕರಾಬ್ಲಾಸ್ಟ್‌ಗಳನ್ನು ಒಂದಕ್ಕೊಂದು ಅದಲುಬದಲು ಮಾಡಿದರೆ ಮಾತ್ರ ಎರಡೂ ಬದಲಾಗುತ್ತವೆ.

‘ಗೋಲ್ಡ್’ ಮತ್ತು ‘ಸಿಲ್ವರ್’ ತಂದ ಇನ್ನೊಂದು ಬಗೆ ಸ್ನೇಹ. 255ರವರೆಗಿನ ಗುಪ್ತ ಅಂಕಿಯೊಂದು ಜೊತೆಯಲ್ಲಿ ನಡೆದಾಡಿದಷ್ಟೂ ಏರುತ್ತದೆ, ಕಾಳಗದಲ್ಲಿ ಜೀವಿ ಮೂರ್ಛೆ ಬಿದ್ದರೆ ಇಳಿಯುತ್ತದೆ. ಮೊದಲು 220 ಮುಟ್ಟಬೇಕಿತ್ತು, ‘ಸ್ವೋರ್ಡ್’ ಆಟದಿಂದೀಚೆಗೆ 160 ಸಾಕು. ‘ಗೋಲ್ಡ್’ ಮತ್ತು ‘ಸಿಲ್ವರ್’ ಕಾರ್ಟ್ರಿಜ್ ಒಳಗೆ ಗಡಿಯಾರವೂ ಇದ್ದುದರಿಂದ, ಪ್ರೀತಿಯಿಂದ ಸಾಕಿದ ಈವೀ ಹಗಲಲ್ಲಿ ಲೆವೆಲ್ ಏರಿದರೆ ಎಸ್ಪಿಯಾನ್, ರಾತ್ರಿ ಏರಿದರೆ ಅಂಬ್ರಿಯಾನ್. ಶಾಲೆ ಮುಗಿಸಿ ಬಂದು ಕತ್ತಲಾದ ಮೇಲೆ ಆಡುವವರಿಗೆ ಎಸ್ಪಿಯಾನ್ ಪಡೆಯಲು ಭಾನುವಾರವೇ ಗತಿ. ಸ್ಟೋನ್, ಸ್ನೇಹ, ಸ್ಥಳ ಎಲ್ಲ ಸೇರಿ ಈವೀಗೆ ಈಗ ಎಂಟು ಮುಂದಿನ ರೂಪಗಳಿವೆ.

ವಿಚಿತ್ರ ಷರತ್ತುಗಳಿಗೂ ಬರವಿಲ್ಲ. ಇಂಕೇ 30ನೇ ಲೆವೆಲ್ ದಾಟುವಾಗ ಆಡುವ ಯಂತ್ರವನ್ನೇ ತಲೆಕೆಳಗಾಗಿ ಹಿಡಿಯಬೇಕು. ಗಿಮ್ಮಿಗೂಲ್‌ಗೆ 999 ನಾಣ್ಯ ಕೂಡಿಹಾಕಬೇಕು. ಎಲ್ಲಕ್ಕಿಂತ ಸೊಗಸಾದದ್ದು ನಿನ್ಕಾಡಾ. ಅದು 20ನೇ ಲೆವೆಲ್‌ನಲ್ಲಿ ನಿಂಜಾಸ್ಕ್ ಆಗಿ ಹಾರಿದಾಗ, ತಂಡದಲ್ಲಿ ಒಂದು ಜಾಗ ಖಾಲಿಯಿದ್ದರೆ ಶೆಡಿಂಜಾ ಎಂಬ ಇನ್ನೊಂದು ಜೀವಿ ಸದ್ದಿಲ್ಲದೆ ಬಂದು ಕೂತಿರುತ್ತದೆ. ಮಲೆನಾಡಿನಲ್ಲಿ ಮಳೆಗೆ ಮುಂಚೆ ಮರದ ತೊಗಟೆಗೆ ಅಂಟಿಕೊಂಡಿರುವ ಜೀರುಂಡೆಯ ಪೊರೆ ನೋಡಿದವರಿಗೆ ಅದು ಏನೆಂದು ಹೇಳಬೇಕಿಲ್ಲ. ಅದರ ಪ್ರಾಣಬಲ ಯಾವ ಲೆವೆಲ್‌ನಲ್ಲೂ 1 ಮಾತ್ರ.

ಮೊಬೈಲಿನ ‘ಪೋಕೆಮಾನ್ ಗೋ’ 2016ರ ಜುಲೈಯಲ್ಲಿ ಬಂದು, ಅದೇ ಡಿಸೆಂಬರ್‌ನಲ್ಲಿ ಭಾರತದಲ್ಲಿ ಅಧಿಕೃತವಾಗಿ ಶುರುವಾಯಿತು. ಈ ಆಟದಲ್ಲಿ ಎವಾಲ್ವ್‌ಗೆ ಕ್ಯಾಂಡಿ ಬೇಕು. ಕ್ಯಾಟರ್‌ಪಿಗೆ 12 ಸಾಕು, ಮ್ಯಾಜಿಕಾರ್ಪ್‌ಗೆ 400. ಒಂದು ಹಿಡಿದರೆ ಸಾಮಾನ್ಯವಾಗಿ ಸಿಗುವುದು 3. ಯಾವಾಗ ಎಂಬುದನ್ನು ಇಲ್ಲಿ ಕ್ಯಾಲೆಂಡರ್ ತೀರ್ಮಾನಿಸುತ್ತದೆ. 2018ರಲ್ಲಿ ಆರಂಭವಾದ ಕಮ್ಯುನಿಟಿ ಡೇ ದಿನಗಳಲ್ಲಿ ಗೊತ್ತಾದ ಗಂಟೆಗಳೊಳಗೆ ಎವಾಲ್ವ್ ಮಾಡಿದರೆ ಬೇರೆ ದಿನ ಸಾಮಾನ್ಯವಾಗಿ ಸಿಗದ ಪಟ್ಟು ಸಿಗುತ್ತದೆ. ಕ್ಯಾಂಡಿ ಕೂಡಿದ ತಕ್ಷಣ ಗುಂಡಿ ಒತ್ತುವವರಿಗೆ ಅದು ದಕ್ಕದು.

2022ರ ಜನವರಿಯಲ್ಲಿ ಬಂದ ‘ಲೆಜೆಂಡ್ಸ್: ಆರ್ಸಿಯಸ್’ ವಿಕಾಸ ತಾನಾಗಿ ಆರಂಭವಾಗುವುದನ್ನೇ ತೆಗೆದುಹಾಕಿತು. ಷರತ್ತು ಪೂರೈಸಿದ ಜೀವಿಯನ್ನು ಆಟಗಾರನೇ ಬೇಕಾದಾಗ ಎವಾಲ್ವ್ ಮಾಡಬಹುದು. ಟ್ರೇಡ್ ಬದಲು ಲಿಂಕಿಂಗ್ ಕಾರ್ಡ್ ಎಂಬ ವಸ್ತುವನ್ನು ಬಳಸಿದರೂ ಸಾಕು, ಒಂಟಿ ಆಟಗಾರನಿಗೂ ಗೆಂಗಾರ್ ಸಿಗುತ್ತದೆ. ಇಷ್ಟು ಸರಳ ಪರಿಹಾರಕ್ಕೆ ಇಪ್ಪತ್ತಾರು ವರ್ಷ ಹಿಡಿದದ್ದೇ ಸೋಜಿಗ. ಆದರೂ ಅದೇ ವರ್ಷದ ನವೆಂಬರ್‌ನಲ್ಲಿ ಬಂದ ‘ಸ್ಕಾರ್ಲೆಟ್’ ಮತ್ತು ‘ವಯಲೆಟ್’ ಆ ವಸ್ತುವನ್ನು ಕೈಬಿಟ್ಟವು. ಹಾಂಟರ್ ಸಾಕಿದವರು ಮತ್ತೆ ಟ್ರೇಡ್‌ಗೆ ಜೊತೆ ಹುಡುಕಬೇಕಾಯಿತು.