ದೇಶನೂರಿನ ವಿರಕ್ತಮಠ

ಬೈಲಹೊಂಗಲವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವವಳು ಕಿತ್ತೂರ ರಾಣಿ ಚೆನ್ನಮ್ಮ. 1824ರ ಯುದ್ಧಾನಂತರ ಕಂಪನಿಯವರ ಸೆರೆಗೆ ಸಿಕ್ಕ ಆ ವೀರಾಂಗನೆಯು 1829ರಲ್ಲಿ ಈ ಊರಿನ ಕೋಟೆಯಲ್ಲಿಯೇ ದೇಹವಿಟ್ಟಳು. ಅವಳ ಸಮಾಧಿಯೂ ಇಲ್ಲಿಯೇ ಇರುವುದು. ಇಂಥ ಸೀಮೆಯಲ್ಲಿ ಕ್ರಿಸ್ತಮತವು ಅರಸುತನ ಮಾಡಿದ ಪರಂಗಿಯವರ ಮತವೆಂದು ಜನರಿಗೆ ತೋರುವುದು ಸಹಜವೇ ಆಗಿದ್ದಿತು. ಆದುದರಿಂದ ಇದೇ ನಾಡಿನ ದೇಶನೂರು ಗ್ರಾಮದಲ್ಲಿರುವ ಒಂದು ಕ್ರೈಸ್ತಮಠದ ವೃತ್ತಾಂತವು ವಿಚಾರಕ್ಕೆ ಯೋಗ್ಯವಾದುದಾಗಿದೆ.

ಈ ಮಠದ ಹೆಸರು ‘ಸ್ನಾನಿಕ ಅರುಳಪ್ಪನವರ ವಿರಕ್ತಮಠ’. ಗೋವೆಯಿಂದ ಬಂದ ಯೇಸುಸಭೆಯ ಪಾದ್ರಿಗಳು 20ನೆಯ ಶತಮಾನದಲ್ಲಿ ಇದನ್ನು ನೆಲೆಗೊಳಿಸಿದರು. ಅವರು ಬಿಳಿಯ ನಿಲುವಂಗಿಯನ್ನು ಬಿಟ್ಟು ಕಾವಿಯನ್ನುಟ್ಟರು, ಮಾಂಸಾಹಾರವನ್ನು ತೊರೆದರು, ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಪೂಜೆಯನ್ನು ನಡೆಯಿಸಿದರು. ಜನರು ಅವರನ್ನು ಸ್ವಾಮಿಗಳೆಂದೇ ಕರೆದರು. ನಂಬಿದ ದೇವರು ಯೇಸುವೇ. ಆದರೆ ಉಡಿಗೆ, ಊಟ, ನುಡಿ ಇವು ಮೂರೂ ನೆರೆಯ ವೀರಶೈವ ಮಠಗಳ ರೀತಿಯವು.

ಮಠದ ಹೆಸರೂ ಅರ್ಥಗರ್ಭಿತವಾದುದು. ಸ್ನಾನಿಕನೆಂದರೆ ದೀಕ್ಷಾಸ್ನಾನವನ್ನು ಕೊಡುವವನು. ಯೋಹಾನನೆಂಬ ಇಬ್ರಿಯ ನಾಮದಲ್ಲಿ ದೇವರ ಕೃಪೆಯೆಂಬ ಅರ್ಥವುಂಟು. ಅದನ್ನೇ ತಮಿಳಿನ ‘ಅರುಳ್’ ಶಬ್ದದಿಂದ ಅರುಳಪ್ಪನೆಂದು ಮಾಡಿಕೊಂಡು ಕನ್ನಡ ಕಥೋಲಿಕರು ಬಳಸುತ್ತ ಬಂದರು. ಈ ಯೋಹಾನನು ಅಡವಿಯಲ್ಲಿ ಒಂಟೆಯ ರೋಮದ ಬಟ್ಟೆಯನ್ನುಟ್ಟು ಕಾಡುಜೇನನ್ನು ತಿಂದು ಬಾಳಿದ ವಿರಕ್ತನು. ನಾವು ಏನು ಮಾಡಬೇಕೆಂದು ಜನರು ಕೇಳಲು, ಆತನು ಗಹನವಾದ ತತ್ತ್ವವನ್ನು ಬೋಧಿಸಲಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ. ಸುಂಕದವನು ಗೊತ್ತುಮಾಡಿದುದಕ್ಕಿಂತ ಹೆಚ್ಚು ಕೀಳದಿರಲಿ. ಸಿಪಾಯಿಯು ಜನರನ್ನು ಬೆದರಿಸಿ ದೋಚದೆ ತನ್ನ ಸಂಬಳದಲ್ಲಿ ತೃಪ್ತನಾಗಿರಲಿ ಎಂಬುದೇ ಆತನ ಉಪದೇಶದ ತಾತ್ಪರ್ಯ. ಭಕ್ತಿಯ ಪರೀಕ್ಷೆಯು ಸಂತೆಯಲ್ಲಿಯೂ ಚಾವಡಿಯಲ್ಲಿಯೂ ಆಗತಕ್ಕದ್ದೆಂದು ಇದರ ಭಾವವು. ಕಾಯಕದಲ್ಲಿ ಶುದ್ಧಿಯನ್ನೂ ದಾಸೋಹವನ್ನೂ ಬೇಡುವ ಶರಣರ ನಾಡಿಗೆ ಈ ಮಾತು ಹೊಸತೇನಲ್ಲ.

ದೇಶನೂರಿನ ಪಾದ್ರಿಗಳು ಹಿಡಿದ ದಾರಿಯು ಪುರಾತನವಾದುದು. 1606ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ಟೊ ದೆ ನೊಬಿಲಿಯು ಸಂನ್ಯಾಸಿವೇಷವನ್ನು ಧರಿಸಿ, ಶಾಕಾಹಾರಿಯಾಗಿ, ಸಂಸ್ಕೃತ ತಮಿಳುಗಳನ್ನು ಕಲಿತನು. 17ನೆಯ ಶತಮಾನದ ನಡುವಿನಲ್ಲಿ ಗೋವೆಯಿಂದ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿಯೂ ಅದೇ ಕ್ರಮವನ್ನನುಸರಿಸಿ ಕನ್ನಡ ವ್ಯಾಕರಣವನ್ನು ರಚಿಸಿದನು. ಸ್ವಮತದವರೇ ನೊಬಿಲಿಯ ಮೇಲೆ ದೂರನ್ನೊಯ್ದರು. 1623ರಲ್ಲಿ ಪೋಪ್ 15ನೆಯ ಗ್ರೆಗೊರಿಯು ಆತನಿಗೆ ಅನುಕೂಲವಾಗಿ ತೀರ್ಪಿತ್ತನು. ಆದರೆ 1744ರಲ್ಲಿ 14ನೆಯ ಬೆನೆಡಿಕ್ಟನ ಶಾಸನವು ಇಂಥ ಆಚಾರಗಳನ್ನು ಬಹಳವಾಗಿ ನಿರ್ಬಂಧಿಸಿತು. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ದೇಶಭಾಷೆಗಳಿಗೂ ದೇಶಾಚಾರಗಳಿಗೂ ಮರಳಿ ಮನ್ನಣೆಯುಂಟಾಯಿತು.

ಇದು ಮತಾಂತರಕ್ಕಾಗಿ ಹೂಡಿದ ವೇಷವಲ್ಲವೇ ಎಂಬ ಆಕ್ಷೇಪವು ಅಂದಿನಿಂದಲೂ ಇದೆ. ಅದನ್ನು ಅಲ್ಲಗಳೆಯಲಾಗದು. ಆದರೆ ಒಂದು ದಿನದ ವೇಷವು ಬೇರೆ, ಬಾಳೆಲ್ಲ ಹೊತ್ತ ನಿಯಮವು ಬೇರೆ. ನಾಲಗೆಯ ರುಚಿಯನ್ನೂ ತಾಯ್ನುಡಿಯ ಸುಖವನ್ನೂ ಕೊನೆಯ ವರೆಗೆ ಬಿಟ್ಟವನನ್ನು ನಟನೆಂದು ಹೇಳುವುದು ಸುಲಭವಲ್ಲ. ನೊಬಿಲಿಯ ನಿಜವಾದ ಲೋಪವು ಬೇರೊಂದು: ಮೇಲಿನವರ ಆಚಾರವನ್ನು ಗೌರವಿಸಹೋಗಿ ಆತನು ಜಾತಿಭೇದವನ್ನೂ ಉಳಿಸಿಕೊಂಡನು. ದೇಶನೂರಿನವರು ಆರಿಸಿಕೊಂಡುದು ಬಸವಣ್ಣನ ಪರಂಪರೆಯ ಮಠದ ಮಾದರಿಯನ್ನು. ಜಾತಿಯನ್ನು ಅಲ್ಲಗಳೆದ ಶರಣರಿಂದ ಬಂದ ಮಾದರಿಯದು. ಅದನ್ನು ಹಿಡಿದವರಿಗೆ ಆ ಸಮತೆಯನ್ನೂ ನಡೆಯಿಸುವ ಹೊಣೆಯು ಬಂದೇ ಬರುವುದು.

ಕಾವಿಯು ಮಠವನ್ನು ದೂರದಿಂದ ತೋರಿಸಬಲ್ಲುದು. ಒಳಗಿರುವವನು ಎಂಥವನೆಂಬುದನ್ನು ಊರಿನವರು ಆತನ ಮಾತು, ಲೆಕ್ಕ, ಪಂಕ್ತಿಗಳಿಂದಲೇ ತಿಳಿಯುವರು. ಅಂಗಿಯೆರಡುಳ್ಳವನಿಗೆ ಯೋಹಾನನು ಹೇಳಿದ ಮಾತು ಯಾವ ಮಠದವರಿಗೂ ಇಂದಿಗೂ ಸಲ್ಲತಕ್ಕದ್ದಾಗಿದೆ.